ವೇಗವೀರ ನುವೊಲಾರಿ

ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತದ ದಕ್ಷಿಣ ಭಾಗವು ಪೋ ನದಿಯ ಮೆಕ್ಕಲು ಮಣ್ಣಿನಿಂದ ಫಲವತ್ತಾದ ವಿಶಾಲ ಬಯಲು. ಆ ಬಯಲಿನಲ್ಲಿ ಸರೋವರಗಳಿಂದ ಸುತ್ತುವರಿದ ಮಾಂಟುವಾ ಎಂಬ ಪ್ರಾಚೀನ ನಗರವಿದೆ. ಲ್ಯಾಟಿನ್ ಭಾಷೆಯ ಮಹಾಕವಿ ವರ್ಜಿಲ್ ಜನಿಸಿದ್ದು ಈ ನಗರದ ಸಮೀಪದಲ್ಲಿಯೇ. ಎರಡು ಸಾವಿರ ವರ್ಷಗಳ ತರುವಾಯ ಇದೇ ನಾಡಿಗೆ ಬೇರೊಂದು ಬಗೆಯ ಕೀರ್ತಿ ಬಂದಿತು. ಅದನ್ನು ತಂದವನು ಕವಿಯಲ್ಲ, ರಾಜನೂ ಅಲ್ಲ. ಒಬ್ಬ ರೈತನ ಮಗ. ಮೊದಲು ಮೋಟಾರ್ ಸೈಕಲ್ಲಿನ ಸವಾರನಾಗಿ, ಅನಂತರ ಮೋಟಾರು ಕಾರಿನ ಚಾಲಕನಾಗಿ ಮೂವತ್ತು ವರ್ಷಗಳ ಕಾಲ ಯೂರೋಪಿನ ಸ್ಪರ್ಧಾಕಣಗಳಲ್ಲಿ ಮೆರೆದ ಆ ಸಾಹಸಿಯೇ ತಾತ್ಸಿಯೊ ನುವೊಲಾರಿ. ಜನರು ಅವನನ್ನು 'ಮಾಂಟುವಾದ ಹಾರುವ ಮನುಷ್ಯ' ಎಂದು ಪ್ರೀತಿಯಿಂದ ಕರೆದರು.

ನುವೊಲಾರಿಯು 1892ನೆಯ ಇಸವಿ ನವೆಂಬರ್ 16ರಂದು ಮಾಂಟುವಾ ಬಳಿಯ ಕಾಸ್ತೆಲ್ ದಾರಿಯೊ ಎಂಬ ಊರಿನಲ್ಲಿ ಜನಿಸಿದನು. ತಂದೆ ಆರ್ತುರೊ ನುವೊಲಾರಿ ಅನುಕೂಲಸ್ಥ ರೈತ. ಹೊಲಗೆಲಸದೊಂದಿಗೆ ಸೈಕಲ್ ಪಂದ್ಯಗಳ ಹವ್ಯಾಸವೂ ಆತನಿಗಿದ್ದಿತು. ಚಿಕ್ಕಪ್ಪ ಜುಸೆಪ್ಪೆಯಂತೂ ಸೈಕಲ್ ಓಟದಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು ಗಳಿಸಿ ಹೆಸರಾಗಿದ್ದವನು. ಸೈಕಲ್ ತಯಾರಿಕೆಗೆ ಪ್ರಸಿದ್ಧವಾಗಿದ್ದ ಮಿಲಾನ್ ನಗರದ ಬಿಯಾಂಕಿ ಸಂಸ್ಥೆಯ ವಾಹನಗಳನ್ನು ಅವನು ಮಾರುತ್ತಿದ್ದನು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಚಕ್ರಗಳ ಮೇಲಿನ ಮೋಹ ಸಹಜವಾಗಿಯೇ ಬಂದಿತು. ಶಾಲೆಯ ಪಾಠಗಳಿಗಿಂತ ಚಿಕ್ಕಪ್ಪನ ಯಂತ್ರಗಳೇ ಅವನ ಮನಸ್ಸನ್ನು ಹೆಚ್ಚಾಗಿ ಸೆಳೆದವು.

ನುವೊಲಾರಿಗೆ ಮೋಟಾರ್ ಸೈಕಲ್ ಸ್ಪರ್ಧೆಗಳಲ್ಲಿ ಭಾಗವಹಿಸುವ ಅನುಮತಿ ಪತ್ರ ದೊರೆತದ್ದು 1915ರಲ್ಲಿ. ಆದರೆ ಅದೇ ವರ್ಷ ಇಟಲಿಯು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಪಂದ್ಯಗಳು ನಿಂತುಹೋದವು. ನುವೊಲಾರಿಯು ಸೈನ್ಯ ಸೇರಿ ವಾಹನ ಚಾಲಕನಾದನು. ಗಾಯಗೊಂಡ ಯೋಧರನ್ನು ಹೊತ್ತೊಯ್ಯುವ ಆಂಬುಲೆನ್ಸ್ ಗಾಡಿಯನ್ನು ನಡೆಸುವುದು ಅವನ ಕೆಲಸವಾಗಿತ್ತು. ಒಮ್ಮೆ ಅವನ ಗಾಡಿ ರಸ್ತೆಯಿಂದ ಜಾರಿ ಉರುಳಿದಾಗ, ವಾಹನ ನಡೆಸುವ ಕೆಲಸ ಅವನಿಗೆ ಒಗ್ಗದೆಂದೂ ಅದನ್ನು ಬಿಟ್ಟುಬಿಡುವುದೇ ಮೇಲೆಂದೂ ಮೇಲಧಿಕಾರಿಯೊಬ್ಬನು ಬುದ್ಧಿ ಹೇಳಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಆ ಅಧಿಕಾರಿಯ ಮಾತನ್ನು ನುವೊಲಾರಿ ಕೇಳಿದ್ದರೆ ಕ್ರೀಡಾ ಚರಿತ್ರೆಯ ಒಂದು ಉಜ್ವಲ ಅಧ್ಯಾಯವೇ ಇಲ್ಲವಾಗುತ್ತಿತ್ತು. ಯುದ್ಧಕಾಲದಲ್ಲಿಯೇ, 1917ರಲ್ಲಿ, ಅವನು ಕರೊಲೀನಾ ಪೆರಿನಾ ಎಂಬ ತರುಣಿಯನ್ನು ವಿವಾಹವಾದನು. ಮರುವರ್ಷ ಅವರಿಗೆ ಜೊರ್ಜೊ ಎಂಬ ಮಗ ಹುಟ್ಟಿದನು.

ಯುದ್ಧ ಮುಗಿದು ದೇಶವು ಚೇತರಿಸಿಕೊಂಡ ಮೇಲೆ ಪಂದ್ಯಗಳು ಮತ್ತೆ ಆರಂಭವಾದವು. 1920ರ ಜೂನ್ ತಿಂಗಳಿನಲ್ಲಿ ಕ್ರೆಮೋನಾ ನಗರದಲ್ಲಿ ನಡೆದ ಮೋಟಾರ್ ಸೈಕಲ್ ಸ್ಪರ್ಧೆಯಲ್ಲಿ ನುವೊಲಾರಿಯು ಮೊದಲ ಬಾರಿಗೆ ಕಣಕ್ಕಿಳಿದನು. ಆಗ ಅವನಿಗೆ ಇಪ್ಪತ್ತೇಳು ವರ್ಷ. ಹೆಂಡತಿ ಮಕ್ಕಳಿರುವ ಸಂಸಾರಿ. ಇತರ ಸವಾರರು ಅನುಭವಿಗಳೆನಿಸಿಕೊಳ್ಳುವ ವಯಸ್ಸಿನಲ್ಲಿ ಅವನು ಇನ್ನೂ ಹೊಸಬ. ಆ ಮೊದಲ ಸ್ಪರ್ಧೆಯೂ ಅವನಿಗೆ ಒಲಿಯಲಿಲ್ಲ. ಓಟವನ್ನು ಪೂರ್ಣಗೊಳಿಸಲಾಗದೆ ಅವನು ನಡುವೆಯೇ ನಿಲ್ಲಬೇಕಾಯಿತು. ಮುಂದಿನ ಮೂರು ನಾಲ್ಕು ವರ್ಷಗಳೂ ಪರಿಶ್ರಮದ ವರ್ಷಗಳೇ. ಬೇರೆ ಬೇರೆ ಸಂಸ್ಥೆಗಳ ಯಂತ್ರಗಳನ್ನೇರಿ ಅವನು ಊರಿಂದೂರಿಗೆ ಸಂಚರಿಸಿದನು. ಸಣ್ಣಪುಟ್ಟ ಕಾರು ಸ್ಪರ್ಧೆಗಳಲ್ಲಿಯೂ ಕೈಯಾಡಿಸಿದನು. ಸೋಲು ಗೆಲುವುಗಳೆರಡರಿಂದಲೂ ಪಾಠ ಕಲಿತನು.

ಅಂದಿನ ಮೋಟಾರ್ ಸೈಕಲ್ ಪಂದ್ಯಗಳು ಹೇಗಿದ್ದುವೆಂಬುದನ್ನು ಇಲ್ಲಿ ತಿಳಿಯುವುದು ಅಗತ್ಯ. ಸ್ಪರ್ಧೆಗೆಂದೇ ಕಟ್ಟಿದ ನುಣುಪಾದ ಪಥಗಳು ಇಟಲಿಯಲ್ಲಿ ಬಹು ವಿರಳ. ಮಿಲಾನ್ ಬಳಿಯ ಮೊಂಜಾ ಪಥ ಸಿದ್ಧವಾದದ್ದೇ 1922ರಲ್ಲಿ. ಹೆಚ್ಚಿನ ಪಂದ್ಯಗಳು ಊರುಗಳನ್ನು ಕೂಡಿಸುವ ಸಾಮಾನ್ಯ ರಸ್ತೆಗಳ ಮೇಲೆಯೇ ನಡೆಯುತ್ತಿದ್ದುವು. ಆ ರಸ್ತೆಗಳಿಗೆ ಡಾಂಬರಿರಲಿಲ್ಲ. ಬೇಸಿಗೆಯಲ್ಲಿ ಮುಂದಿನ ವಾಹನ ಎಬ್ಬಿಸಿದ ಧೂಳು ಕಣ್ಣು ಕಟ್ಟುತ್ತಿತ್ತು. ಮಳೆಗಾಲದಲ್ಲಿ ಕೆಸರು ಚಕ್ರಗಳನ್ನು ಜಾರಿಸುತ್ತಿತ್ತು. ಸವಾರನ ತಲೆಗೆ ಚರ್ಮದ ಟೊಪ್ಪಿಗೆ, ಮೈಗೆ ಉಣ್ಣೆಯ ಅಂಗಿ, ಕಣ್ಣಿಗೆ ಕನ್ನಡಕ. ಇಷ್ಟೇ ಅವನ ರಕ್ಷಾಕವಚ. ಬಿದ್ದರೆ ಕೈಕಾಲು ಮುರಿಯುವುದು ಸಾಮಾನ್ಯ. ಪ್ರಾಣಹಾನಿಯೂ ಅಪರೂಪವಾಗಿರಲಿಲ್ಲ.

ಯಂತ್ರದ ಬಲಕ್ಕೆ ತಕ್ಕಂತೆ ಸ್ಪರ್ಧೆಗಳನ್ನು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಚಲಿಸುವಾಗ ಆಕ್ರಮಿಸುವ ಗಾತ್ರವನ್ನು ಘನ ಸೆಂಟಿಮೀಟರುಗಳಲ್ಲಿ, ಅಂದರೆ ಸಿ.ಸಿ.ಗಳಲ್ಲಿ, ಅಳೆಯುತ್ತಾರೆ. ಈ ಗಾತ್ರ ಹೆಚ್ಚಿದಷ್ಟೂ ಒಂದು ಸಲಕ್ಕೆ ಉರಿಯುವ ಇಂಧನದ ಪ್ರಮಾಣ ಹೆಚ್ಚುತ್ತದೆ. ಶಕ್ತಿಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಆದುದರಿಂದ 250, 350 ಮತ್ತು 500 ಸಿ.ಸಿ. ಯಂತ್ರಗಳಿಗೆ ಬೇರೆ ಬೇರೆ ಬಹುಮಾನಗಳಿದ್ದುವು. ನುವೊಲಾರಿಯ ಕೀರ್ತಿ ಬೆಳೆದದ್ದು 350 ಸಿ.ಸಿ. ವರ್ಗದಲ್ಲಿ.

ಬಿಯಾಂಕಿ ಸಂಸ್ಥೆಯು ಈ ವರ್ಗಕ್ಕಾಗಿ ಒಂದು ಹೊಸ ಯಂತ್ರವನ್ನು ನಿರ್ಮಿಸಿ, 1925ರ ಹೊತ್ತಿಗೆ ಅದನ್ನು ನುವೊಲಾರಿಯ ಕೈಗೆ ಕೊಟ್ಟಿತು. ಅದರ ಎಂಜಿನ್ನಿಗೆ ಇದ್ದುದು ಒಂದೇ ಸಿಲಿಂಡರು. ಆದರೆ ಗಾಳಿ ಮತ್ತು ಇಂಧನಗಳನ್ನು ಒಳಕ್ಕೆ ಬಿಡುವ, ಉರಿದ ಹೊಗೆಯನ್ನು ಹೊರಕ್ಕೆ ಕಳುಹಿಸುವ ಕವಾಟಗಳನ್ನು ನಡೆಸಲು ಸಿಲಿಂಡರಿನ ತಲೆಯ ಮೇಲೆಯೇ ಎರಡು ಪ್ರತ್ಯೇಕ ದಂಡಗಳನ್ನು ಅಳವಡಿಸಿದ್ದರು. ಅಂದಿನ ಮಟ್ಟಿಗೆ ಇದು ಬಹು ಮುಂದುವರಿದ ರಚನೆ. ಎಂಜಿನ್ನು ಹೆಚ್ಚು ವೇಗವಾಗಿ ತಿರುಗಲು ಇದರಿಂದ ಸಾಧ್ಯವಾಯಿತು. ಈ ಯಂತ್ರಕ್ಕೆ 'ಆಕಾಶನೀಲಿ ಬಾಣ' ಎಂಬ ಅರ್ಥದ ಹೆಸರು ಬಂದಿತು. ಬಿಲ್ಲುಗಾರನಿಗೆ ತಕ್ಕ ಬಾಣ ದೊರೆತಂತಾಯಿತು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಫ್ರಾನ್ಸಿನ ಮೊಂಲೇರಿ ಪಥದಲ್ಲಿ ನಡೆದ ಕಾರು ಪಂದ್ಯದಲ್ಲಿ ಇಟಲಿಯ ಶ್ರೇಷ್ಠ ಚಾಲಕನಾದ ಆಂತೋನಿಯೊ ಅಸ್ಕಾರಿ ಅಪಘಾತಕ್ಕೊಳಗಾಗಿ ಮೃತನಾದನು. ಅವನ ಸ್ಥಾನವನ್ನು ತುಂಬಬಲ್ಲ ಚಾಲಕನಿಗಾಗಿ ಆಲ್ಫಾ ರೋಮಿಯೊ ಸಂಸ್ಥೆಯು ಹುಡುಕಾಟ ನಡೆಸಿತು. ಮೋಟಾರ್ ಸೈಕಲ್ ಸವಾರ ನುವೊಲಾರಿಗೂ ಕರೆ ಬಂದಿತು. ಸೆಪ್ಟೆಂಬರ್ ಒಂದರಂದು ಮೊಂಜಾ ಪಥದಲ್ಲಿ ಪರೀಕ್ಷೆ ಏರ್ಪಟ್ಟಿತು. ಕಾರನ್ನು ನುವೊಲಾರಿಯು ಸುತ್ತಿನಿಂದ ಸುತ್ತಿಗೆ ಹೆಚ್ಚು ವೇಗದಿಂದ ಓಡಿಸುತ್ತಿದ್ದಾಗ ಗೇರ್ ಬಾಕ್ಸ್ ಒಮ್ಮೆಲೇ ಬಿಗಿದು ನಿಂತಿತು. ಕಾರು ಹತೋಟಿ ತಪ್ಪಿ ಪಥದಿಂದ ಹೊರಕ್ಕೆ ನುಗ್ಗಿತು. ನುವೊಲಾರಿಯ ಬೆನ್ನಿಗೆ ತೀವ್ರವಾದ ಗಾಯಗಳಾದುವು. ಒಂದು ತಿಂಗಳಾದರೂ ಹಾಸಿಗೆಯಲ್ಲಿ ವಿಶ್ರಾಂತಿ ಪಡೆಯಬೇಕೆಂದು ವೈದ್ಯರು ವಿಧಿಸಿದರು.

ಅವನ ಪಾಲಿಗೆ ಇದು ಅತ್ಯಂತ ಸಂಕಟದ ಸಮಯ. ಕಾರಿನ ಅವಕಾಶ ಕೈತಪ್ಪಿತ್ತು. ಅದೇ ತಿಂಗಳ 13ರಂದು ಅದೇ ಮೊಂಜಾ ಪಥದಲ್ಲಿ 'ರಾಷ್ಟ್ರಗಳ ಮಹಾಪಂದ್ಯ' ಎಂಬ ಮೋಟಾರ್ ಸೈಕಲ್ ಸ್ಪರ್ಧೆ ನಡೆಯಲಿತ್ತು. ಆ ವರ್ಷ ಅದಕ್ಕೇ ಯೂರೋಪಿನ ಮಹಾಪಂದ್ಯವೆಂಬ ಗೌರವವೂ ದೊರೆತಿತ್ತು. ಆಯಾ ವರ್ಗದಲ್ಲಿ ಗೆದ್ದವನು ಯೂರೋಪಿನ ಚಾಂಪಿಯನ್ ಎನಿಸಿಕೊಳ್ಳುತ್ತಿದ್ದನು. ಮೂವತ್ತೆರಡು ದಾಟಿದ ನುವೊಲಾರಿಗೆ ಇಂತಹ ಅವಕಾಶ ಮತ್ತೆ ಬರುವುದೆಂಬ ಭರವಸೆ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿದರೆ ಎರಡೂ ಬಾಗಿಲುಗಳು ಮುಚ್ಚಿದಂತೆಯೇ.

ನುವೊಲಾರಿಯು ಒಂದು ವಿಚಿತ್ರವಾದ ಉಪಾಯವನ್ನು ಯೋಚಿಸಿದನು. ಮಲಗಿದ ಭಂಗಿಯಲ್ಲಿ ಪಟ್ಟಿ ಕಟ್ಟಿಸಿಕೊಂಡರೆ ಮಲಗಿಯೇ ಇರಬೇಕಾಗುತ್ತದೆ. ಆದುದರಿಂದ ಮೋಟಾರ್ ಸೈಕಲ್ಲಿನ ಮೇಲೆ ಮುಂದಕ್ಕೆ ಬಾಗಿ ಕುಳಿತಿರುವ ಭಂಗಿಯಲ್ಲಿಯೇ ತನ್ನ ದೇಹಕ್ಕೆ ಬಿಗಿಯಾದ ಪಟ್ಟಿಗಳನ್ನು ಕಟ್ಟಬೇಕೆಂದು ಅವನು ವೈದ್ಯರನ್ನು ಬೇಡಿಕೊಂಡನು. ಹೊಟ್ಟೆಗೆ ಆಸರೆಯಾಗಿ ಒಂದು ಮೆತ್ತೆಯನ್ನು ಕಟ್ಟಿಸಿಕೊಂಡನು. ಪಂದ್ಯದ ದಿನ ಬಿಯಾಂಕಿ ಸಂಸ್ಥೆಯ ಮೆಕ್ಯಾನಿಕ್‌ಗಳು ಅವನನ್ನು ಎತ್ತಿ ಯಂತ್ರದ ಮೇಲೆ ಕೂರಿಸಿ, ಹಿಂದಿನಿಂದ ತಳ್ಳಿ ಹೊರಡಿಸಿದರು. ನಡುವೆ ಯಂತ್ರ ನಿಂತರೆ ಕಾಲೂರಿ ಇಳಿಯುವ ಶಕ್ತಿಯೂ ಅವನಿಗಿರಲಿಲ್ಲ. ಅದರ ಮೇಲೆ ಮಳೆ ಬೇರೆ ಸುರಿಯತೊಡಗಿತು. ಒದ್ದೆಯಾದ ಪಥದ ಮೇಲೆ, ಪ್ರತಿಯೊಂದು ಕುಲುಕಿಗೂ ಬೆನ್ನಿನ ನೋವನ್ನು ಸಹಿಸುತ್ತ, ಅವನು ಓಟವನ್ನು ಮುಗಿಸಿದನು. ಮುಗಿಸಿದ್ದಷ್ಟೇ ಅಲ್ಲ, 350 ಸಿ.ಸಿ. ವರ್ಗದಲ್ಲಿ ಎಲ್ಲರಿಗಿಂತ ಮುಂದಾಗಿ ಬಂದನು. ಎರಡು ವಾರಗಳ ಹಿಂದೆ ಸೋತು ಬಿದ್ದಿದ್ದ ಪಥದಲ್ಲಿಯೇ ಅವನು ಯೂರೋಪಿನ ಚಾಂಪಿಯನ್ ಆದನು.

ಇಂದಿನ ದಿನಗಳಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹನೆನಿಸದ ಸವಾರನನ್ನು ಕಣಕ್ಕಿಳಿಯಲು ಬಿಡುವುದಿಲ್ಲ. ಅದು ಸರಿಯಾದ ನಿಯಮವೇ. ನುವೊಲಾರಿಯು ಅಂದು ಮಾಡಿದುದನ್ನು ಯಾರೂ ಅನುಸರಿಸಬೇಕಾಗಿಲ್ಲ. ಆದರೆ ಆ ಘಟನೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವನು ಕಣ್ಣುಮುಚ್ಚಿ ಸಾಹಸಕ್ಕೆ ಧುಮುಕಲಿಲ್ಲ. ತನ್ನ ದೇಹದಿಂದ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಲೆಕ್ಕಹಾಕಿ, ಸಾಧ್ಯವಾದಷ್ಟನ್ನು ಸಂಪೂರ್ಣವಾಗಿ ಬಳಸಿಕೊಂಡನು. ಮುರಿದುದನ್ನು ಕುರಿತು ಮರುಗುತ್ತ ಕೂರದೆ ಉಳಿದುದನ್ನು ನೆಚ್ಚಿ ಮುನ್ನಡೆಯುವುದು ಅವನ ಜೀವನದುದ್ದಕ್ಕೂ ಕಂಡುಬರುವ ಗುಣ.

ಮುಂದಿನ ವರ್ಷಗಳಲ್ಲಿ ಆಕಾಶನೀಲಿ ಬಾಣಕ್ಕೆ ಎದುರೇ ಇಲ್ಲದಂತಾಯಿತು. 1925ರಿಂದ 1928ರವರೆಗೆ ನಾಲ್ಕು ವರ್ಷಗಳೂ ರಾಷ್ಟ್ರಗಳ ಮಹಾಪಂದ್ಯದ 350 ಸಿ.ಸಿ. ವರ್ಗವನ್ನು ನುವೊಲಾರಿಯೇ ಗೆದ್ದನು. ಕೊಮೊ ಸರೋವರದ ಬಳಿಯ ಗುಡ್ಡಗಾಡಿನಲ್ಲಿ ಲಾರಿಯೊ ಎಂಬ ಹೆಸರಿನ ಪಂದ್ಯ ನಡೆಯುತ್ತಿತ್ತು. ಕಡಿದಾದ ಏರು, ಅಷ್ಟೇ ಕಡಿದಾದ ಇಳಿಜಾರು, ಹಾವಿನಂತೆ ಹೊರಳುವ ತಿರುವುಗಳು, ಸಡಿಲ ಜಲ್ಲಿ. ಇವುಗಳಿಂದ ಕೂಡಿದ ಆ ದಾರಿ ಸವಾರರ ಕೌಶಲಕ್ಕೆ ಒರೆಗಲ್ಲಾಗಿತ್ತು. ಅಲ್ಲಿ 1925ರಿಂದ 1929ರವರೆಗೆ ಐದು ಸಲವೂ ತನ್ನ ವರ್ಗದಲ್ಲಿ ಅವನು ಜಯಶಾಲಿಯಾದನು. ಎತ್ತರದಲ್ಲಿ ಕುಳ್ಳಗೆ, ದೇಹದಲ್ಲಿ ಕೃಶವಾಗಿದ್ದ ಈ ಮನುಷ್ಯನ ಹೆಸರು ಇಟಲಿಯ ಹಳ್ಳಿಹಳ್ಳಿಯಲ್ಲಿಯೂ ಮನೆಮಾತಾಯಿತು.

ಈ ಕಾಲದಲ್ಲಿ ಅವನಿಗೆ ಸರಿಸಮನಾದ ಪ್ರತಿಸ್ಪರ್ಧಿಯೊಬ್ಬನು ದೊರೆತನು. ಅವನೇ ಆಕಿಲ್ಲೆ ವಾರ್ಜಿ. ವಾರ್ಜಿಯು ಗಲ್ಲಿಯಾತೆ ಎಂಬ ಊರಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ನುವೊಲಾರಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನೂ ಮೋಟಾರ್ ಸೈಕಲ್ ಸವಾರ. ಇಬ್ಬರ ರೀತಿಯೂ ಬೇರೆ ಬೇರೆ. ವಾರ್ಜಿಯ ಓಟ ಗಡಿಯಾರದಂತೆ ನಿಖರ, ಶಾಂತ, ನಿರಾಡಂಬರ. ನುವೊಲಾರಿಯ ಓಟ ಬೆಟ್ಟದ ಹೊಳೆಯಂತೆ ರಭಸದಿಂದ ಕೂಡಿದ್ದು. ನೋಡುವವರ ಎದೆ ನಡುಗಿಸುವಂತಹುದು. 1928ರಲ್ಲಿ ಇವರಿಬ್ಬರೂ ಬುಗಾಟಿ ಕಾರುಗಳನ್ನು ಕೊಂಡು ಒಂದೇ ತಂಡವಾಗಿ ಸ್ಪರ್ಧಿಸತೊಡಗಿದರು. ಆ ವರ್ಷ ಟ್ರಿಪೊಲಿಯಲ್ಲಿ ನಡೆದ ಮಹಾಪಂದ್ಯವನ್ನು ನುವೊಲಾರಿ ಗೆದ್ದನು. ಆದರೆ ಎರಡು ಕತ್ತಿಗಳು ಒಂದೇ ಒರೆಯಲ್ಲಿ ಇರಲಾರವಷ್ಟೆ. ವರ್ಷ ಮುಗಿಯುವ ಮೊದಲೇ ವಾರ್ಜಿ ತಂಡವನ್ನು ಬಿಟ್ಟುಹೋದನು. ಅಂದಿನಿಂದ ಅವರ ಸ್ಪರ್ಧೆಯು ಇಟಲಿಯ ಜನರನ್ನು ಎರಡು ಪಕ್ಷಗಳಾಗಿ ಒಡೆಯಿತು.

ಇಟಲಿಯ ಬ್ರೆಷಾ ನಗರದಿಂದ ರೋಮಿಗೆ ಹೋಗಿ ಮತ್ತೆ ಬ್ರೆಷಾಕ್ಕೆ ಹಿಂದಿರುಗುವ, ಸುಮಾರು 1,600 ಕಿಲೋಮೀಟರ್ ದೂರದ 'ಸಾವಿರ ಮೈಲಿಗಳ ಓಟ' 1927ರಲ್ಲಿ ಆರಂಭವಾಗಿತ್ತು. 1930ರ ಓಟದಲ್ಲಿ ನುವೊಲಾರಿಯು ಗ್ವಿದೊತ್ತಿ ಎಂಬ ಸಂಗಾತಿಯೊಡನೆ ಆಲ್ಫಾ ರೋಮಿಯೊ ಕಾರನ್ನು ನಡೆಸಿ ವಾರ್ಜಿಯನ್ನು ಹಿಂದೆ ಹಾಕಿದನು. ಆ ಓಟದಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಸರಾಸರಿ ವೇಗವನ್ನು ಸಾಧಿಸಿದ ಮೊದಲಿಗನೂ ಅವನೇ. ರಾತ್ರಿಯ ಕೊನೆಯ ಜಾವದಲ್ಲಿ ತಾನು ಸಮೀಪಿಸುತ್ತಿರುವುದು ವಾರ್ಜಿಗೆ ತಿಳಿಯಬಾರದೆಂದು ದೀಪಗಳನ್ನು ಆರಿಸಿ ಕತ್ತಲಲ್ಲಿಯೇ ಓಡಿಸಿದನೆಂಬ ಕಥೆ ಬಹು ಪ್ರಸಿದ್ಧ. ಅದರ ಸತ್ಯಾಂಶವನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಅವನ ವಿಷಯದಲ್ಲಿ ಜನ ಇಂತಹುದನ್ನೂ ನಂಬಲು ಸಿದ್ಧರಿದ್ದರೆಂಬುದಂತೂ ನಿಜ.

ಆ ವರ್ಷದ ಕೊನೆಯಲ್ಲಿ ನುವೊಲಾರಿಯು ಮೋಟಾರ್ ಸೈಕಲ್ ಪಂದ್ಯಗಳಿಂದ ನಿವೃತ್ತನಾಗಿ ಕಾರುಗಳಿಗೆ ತನ್ನನ್ನು ಸಂಪೂರ್ಣವಾಗಿ ಅರ್ಪಿಸಿಕೊಂಡನು. ಆದರೆ ಎರಡು ಚಕ್ರಗಳು ಕಲಿಸಿದ ವಿದ್ಯೆ ಅವನನ್ನು ಬಿಡಲಿಲ್ಲ. ಎಂಜೊ ಫೆರಾರಿಯು ಒಮ್ಮೆ ಅವನ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದ ಅನುಭವವನ್ನು ಬರೆದಿಟ್ಟಿದ್ದಾನೆ. ತಿರುವು ಬರುವ ಮೊದಲೇ ನುವೊಲಾರಿಯು ಕಾರಿನ ಮೂತಿಯನ್ನು ಒಳಕ್ಕೆ ತಿರುಗಿಸುತ್ತಿದ್ದನು. ಕಾರು ಹಳ್ಳಕ್ಕೆ ಬೀಳುವುದೆಂದು ಫೆರಾರಿ ಹೆದರುವಷ್ಟರಲ್ಲಿ ನಾಲ್ಕು ಚಕ್ರಗಳೂ ಒಟ್ಟಿಗೆ ಜಾರುತ್ತ, ತಿರುವಿನ ಕೊನೆಯಲ್ಲಿ ಕಾರು ತಾನಾಗಿಯೇ ನೇರವಾಗಿ ನಿಲ್ಲುತ್ತಿತ್ತು. ಇಷ್ಟಾದರೂ ಆಕ್ಸಿಲರೇಟರಿನ ಮೇಲಿನ ಕಾಲನ್ನು ಅವನು ತೆಗೆಯುತ್ತಿರಲಿಲ್ಲ. ಜಾರುವುದನ್ನು ಇತರರು ಅಪಾಯವೆಂದು ತಿಳಿದರೆ ಅವನು ಅದನ್ನೇ ಉಪಕರಣವನ್ನಾಗಿ ಮಾಡಿಕೊಂಡನು. ಜಲ್ಲಿ ಮತ್ತು ಕೆಸರಿನ ದಾರಿಗಳಲ್ಲಿ ಹತ್ತು ವರ್ಷ ಮೋಟಾರ್ ಸೈಕಲ್ ಓಡಿಸಿದವನಿಗೆ ಚಕ್ರ ಎಲ್ಲಿಯವರೆಗೆ ಜಾರಬಲ್ಲದು, ಎಲ್ಲಿ ಮತ್ತೆ ನೆಲವನ್ನು ಹಿಡಿಯುತ್ತದೆ ಎಂಬುದು ಮೈಗತವಾಗಿದ್ದಿರಬೇಕು.

1932 ಅವನ ವಿಜಯದ ವರ್ಷ. ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೊ, ಮೊನಾಕೊ, ಇಟಲಿ ಮತ್ತು ಫ್ರಾನ್ಸ್ ಪಂದ್ಯಗಳನ್ನು ಗೆದ್ದು ಅವನು ಯೂರೋಪಿನ ಚಾಂಪಿಯನ್ ಆದನು. ಈ ಸಲ ಕಾರುಗಳಲ್ಲಿ. ಅದೇ ವರ್ಷ ಪ್ರಸಿದ್ಧ ಕವಿ ಗಾಬ್ರಿಯೇಲೆ ದನ್ನುಂತ್ಸಿಯೊ ಅವನನ್ನು ತನ್ನ ಮನೆಗೆ ಬರಮಾಡಿಕೊಂಡು ಚಿನ್ನದ ಪುಟ್ಟ ಆಮೆಯೊಂದನ್ನು ಉಡುಗೊರೆಯಾಗಿ ಕೊಟ್ಟನು. ಅತಿ ವೇಗದ ಮನುಷ್ಯನಿಗೆ ಅತಿ ನಿಧಾನದ ಪ್ರಾಣಿ ಎಂಬುದು ಆ ಕಾಣಿಕೆಯ ಚಮತ್ಕಾರ. ಅಂದಿನಿಂದ ಆಮೆಯು ನುವೊಲಾರಿಯ ಲಾಂಛನವಾಯಿತು. ಹಳದಿ ಅಂಗಿಯ ಮೇಲೆ ಆಮೆಯ ಚಿತ್ರ ಧರಿಸಿ ಅವನು ಕಣಕ್ಕಿಳಿಯುತ್ತಿದ್ದನು. 1933ರಲ್ಲಿ ಫ್ರಾನ್ಸಿನ ಲ ಮಾನ್ ನಗರದ 24 ಗಂಟೆಗಳ ಓಟವನ್ನೂ ರೇಮೊ ಸೊಮ್ಮೆರ್ ಎಂಬ ಫ್ರೆಂಚ್ ಚಾಲಕನ ಜೊತೆಗೂಡಿ ಗೆದ್ದನು.

1934ರ ಏಪ್ರಿಲ್ ತಿಂಗಳಿನಲ್ಲಿ ಅಲೆಸ್ಸಾಂಡ್ರಿಯಾ ಪಂದ್ಯದಲ್ಲಿ ಕಾರು ಅಪ್ಪಳಿಸಿ ಅವನ ಕಾಲು ಮುರಿಯಿತು. ಮುಂದಿನ ತಿಂಗಳು ಬರ್ಲಿನ್ನಿನ ಆವುಸ್ ಪಥದಲ್ಲಿ ಅವನು ಮತ್ತೆ ಕಾಣಿಸಿಕೊಂಡನು. ಕಾಲಿಗೆ ಪ್ಲಾಸ್ಟರ್ ಇನ್ನೂ ಇದ್ದಿತು. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಒಂದೇ ಕಾಲಿನಿಂದ ಒತ್ತಲಾಗುವಂತೆ ತನ್ನ ಕಾರಿನ ಪೆಡಲುಗಳನ್ನು ಮಾರ್ಪಡಿಸಿಕೊಂಡಿದ್ದನು. ಆ ಓಟದಲ್ಲಿ ಅವನಿಗೆ ಐದನೆಯ ಸ್ಥಾನ ದೊರೆಯಿತು. ಒಂಬತ್ತು ವರ್ಷಗಳ ಹಿಂದೆ ಮೋಟಾರ್ ಸೈಕಲ್ಲಿನ ಮೇಲೆ ಬಾಗಿದ ಭಂಗಿಯಲ್ಲಿ ಪಟ್ಟಿ ಕಟ್ಟಿಸಿಕೊಂಡವನ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿತು.

ಅವನ ಜೀವನದ ಅತ್ಯಂತ ದೊಡ್ಡ ವಿಜಯ 1935ರ ಜುಲೈ 28ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಲಭಿಸಿತು. ಆ ವೇಳೆಗೆ ಹಿಟ್ಲರನ ಸರ್ಕಾರದ ಬೆಂಬಲದಿಂದ ಮರ್ಸಿಡಿಸ್ ಬೆಂಜ್ ಮತ್ತು ಆಟೊ ಯೂನಿಯನ್ ಸಂಸ್ಥೆಗಳು ಬಲಿಷ್ಠವಾದ ಕಾರುಗಳನ್ನು ನಿರ್ಮಿಸಿದ್ದುವು. ಅಂತಹ ಒಂಬತ್ತು ಜರ್ಮನ್ ಕಾರುಗಳ ಎದುರಿಗೆ ನುವೊಲಾರಿಗೆ ಇದ್ದುದು ಹಳೆಯ ಮಾದರಿಯ, ಶಕ್ತಿಯಲ್ಲಿ ಬಹಳ ಕಡಿಮೆಯಾದ ಆಲ್ಫಾ ರೋಮಿಯೊ. ಅರಣ್ಯದ ನಡುವೆ ಏರಿಳಿಯುತ್ತ ಸಾಗುವ ಆ ಪಥದ ಒಂದು ಸುತ್ತು ಸುಮಾರು 23 ಕಿಲೋಮೀಟರ್. ಅಂತಹ 22 ಸುತ್ತುಗಳು. ತಿರುವುಗಳಲ್ಲಿ ಕೌಶಲ ತೋರಿ ಅವನು ಮುಂಚೂಣಿಗೆ ಬಂದನು. ಆದರೆ ಅರ್ಧದಾರಿಯಲ್ಲಿ ಇಂಧನ ತುಂಬಲು ನಿಂತಾಗ ಪಂಪು ಕೆಟ್ಟುಹೋಯಿತು. ಡಬ್ಬಿಗಳಿಂದ ಇಂಧನವನ್ನು ಸುರಿಯಬೇಕಾಯಿತು. ಎರಡು ನಿಮಿಷಕ್ಕೂ ಹೆಚ್ಚು ಕಾಲ ವ್ಯರ್ಥವಾಗಿ ಅವನು ಆರನೆಯ ಸ್ಥಾನಕ್ಕಿಳಿದನು.

ಅಲ್ಲಿಂದ ಮುಂದೆ ನುವೊಲಾರಿಯು ಒಬ್ಬೊಬ್ಬರನ್ನಾಗಿ ಹಿಂದಿಕ್ಕುತ್ತ ಎರಡನೆಯ ಸ್ಥಾನಕ್ಕೆ ಬಂದನು. ಮುಂದಿದ್ದವನು ಮರ್ಸಿಡಿಸ್ ಕಾರಿನ ಫಾನ್ ಬ್ರೌಖಿಚ್. ನುವೊಲಾರಿಯು ಹತ್ತಿರವಾಗುತ್ತಿರುವುದನ್ನು ತಿಳಿದು ಅವನು ತನ್ನ ವೇಗವನ್ನು ತಗ್ಗಿಸಲಿಲ್ಲ. ಟೈರುಗಳನ್ನು ಬದಲಾಯಿಸಲೂ ನಿಲ್ಲಲಿಲ್ಲ. ಕೊನೆಯ ಸುತ್ತಿನಲ್ಲಿ ಸವೆದುಹೋಗಿದ್ದ ಅವನ ಟೈರು ಸಿಡಿಯಿತು. ನುವೊಲಾರಿಯು ಅವನನ್ನು ದಾಟಿ ಗುರಿಯನ್ನು ಮುಟ್ಟಿದನು. ಜರ್ಮನಿಯ ಗೆಲುವನ್ನು ನೋಡಲೆಂದೇ ನೆರೆದಿದ್ದ ಭಾರಿ ಜನಸಮೂಹ ಕ್ಷಣಕಾಲ ಸ್ತಬ್ಧವಾಯಿತು. ಇಲ್ಲಿ ಅದೃಷ್ಟದ ಪಾಲಿಲ್ಲವೆನ್ನಲಾಗದು. ಆದರೆ ಸಮರ್ಥನಾದ ಬೆನ್ನಟ್ಟುವವನೊಬ್ಬನಿಲ್ಲದಿದ್ದರೆ ಆ ಟೈರು ಅಷ್ಟು ಬೇಗ ಸವೆಯುತ್ತಿರಲಿಲ್ಲ.

ಇಷ್ಟೆಲ್ಲ ಕೀರ್ತಿಯ ನಡುವೆಯೇ ದುಃಖವೂ ಅವನ ಬಾಗಿಲಿಗೆ ಬಂದಿತು. 1937ರಲ್ಲಿ ಪಂದ್ಯಕ್ಕಾಗಿ ಹಡಗಿನಲ್ಲಿ ಅಮೆರಿಕಕ್ಕೆ ಪ್ರಯಾಣ ಮಾಡುತ್ತಿದ್ದಾಗ ಹಿರಿಯ ಮಗ ಜೊರ್ಜೊ ಹೃದ್ರೋಗದಿಂದ ತೀರಿಕೊಂಡ ಸುದ್ದಿ ಅವನನ್ನು ತಲಪಿತು. ಮಗನಿಗೆ ಆಗ ಕೇವಲ ಹದಿನೆಂಟು ವರ್ಷ. ಭೂಮಿಯ ಮೇಲೆ ಯಾರಿಗಿಂತಲೂ ವೇಗವಾಗಿ ಓಡಬಲ್ಲ ತಂದೆಯು ಮಗನ ಕೊನೆಯ ಗಳಿಗೆಗೆ ಬರಲಾಗದೆ ನಡುಸಮುದ್ರದಲ್ಲಿದ್ದನು. 1946ರಲ್ಲಿ ಎರಡನೆಯ ಮಗ ಆಲ್ಬರ್ಟೊ ಸಹ ಹದಿನೆಂಟರ ಪ್ರಾಯದಲ್ಲಿಯೇ ಮೂತ್ರಪಿಂಡದ ಕಾಯಿಲೆಯಿಂದ ಮೃತನಾದನು. ನುವೊಲಾರಿ ದಂಪತಿಗಳ ಮನೆ ಬರಿದಾಯಿತು.

ಈ ಎರಡು ಸಾವುಗಳ ನಡುವಣ ಕಾಲದಲ್ಲಿ ಅವನು ಆಟೊ ಯೂನಿಯನ್ ತಂಡವನ್ನು ಸೇರಿದನು. ಚಾಲಕನ ಬೆನ್ನ ಹಿಂದೆ ಎಂಜಿನ್ ಇರುತ್ತಿದ್ದ ಆ ಕಾರುಗಳನ್ನು ಹತೋಟಿಗೆ ತರುವುದು ಬಲು ಕಷ್ಟವಾಗಿತ್ತು. ಅದನ್ನು ಮೊದಲು ಕರಗತ ಮಾಡಿಕೊಂಡಿದ್ದ ಬೆರ್ನ್ಡ್ ರೋಸೆಮೆಯರ್ 1938ರ ಆರಂಭದಲ್ಲಿ ಮೃತನಾಗಿದ್ದನು. ಅವನ ಸ್ಥಾನವನ್ನು ತುಂಬಿದವನು ನಲವತ್ತೈದು ವರ್ಷದ ನುವೊಲಾರಿ. ಇಬ್ಬರೂ ಮೋಟಾರ್ ಸೈಕಲ್ ಸ್ಪರ್ಧೆಯಿಂದ ಬಂದವರೆಂಬುದು ಗಮನಾರ್ಹ. ಅದೇ ವರ್ಷ ಇಟಲಿಯಲ್ಲಿಯೂ ಇಂಗ್ಲೆಂಡಿನ ಡಾನಿಂಗ್ಟನ್ನಿನಲ್ಲಿಯೂ ನುವೊಲಾರಿ ಗೆದ್ದನು. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಮತ್ತು ಫ್ರಾನ್ಸ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನವೇ, ಬೆಲ್‌ಗ್ರೇಡ್ ನಗರದಲ್ಲಿ ನಡೆದ ಪಂದ್ಯವೂ ಅವನದಾಯಿತು. ಅನಂತರ ಮತ್ತೊಮ್ಮೆ ಯುದ್ಧವು ಪಂದ್ಯಗಳನ್ನು ನಿಲ್ಲಿಸಿತು.

ಯುದ್ಧ ಮುಗಿದಾಗ ನುವೊಲಾರಿಗೆ ಐವತ್ತು ದಾಟಿತ್ತು. ವರ್ಷಗಟ್ಟಲೆ ಸೇವಿಸಿದ ಎಂಜಿನ್ನಿನ ಹೊಗೆಯಿಂದ ಶ್ವಾಸಕೋಶಗಳು ಹಾಳಾಗಿದ್ದುವು. ಆದರೂ ಅವನು ಕಣವನ್ನು ಬಿಡಲಿಲ್ಲ. ಮಕ್ಕಳಿಲ್ಲದ ಮನೆಯ ಮೌನಕ್ಕಿಂತ ಎಂಜಿನ್ನಿನ ಗರ್ಜನೆಯೇ ಅವನಿಗೆ ಸಹನೀಯವಾಗಿ ತೋರಿದ್ದಿರಬಹುದು. 1947ರ ಸಾವಿರ ಮೈಲಿಗಳ ಓಟದಲ್ಲಿ ಮೇಲ್ಛಾವಣಿಯಿಲ್ಲದ ಪುಟ್ಟ ಚಿಸಿತಾಲಿಯಾ ಕಾರಿನಲ್ಲಿ, ಸುರಿಯುವ ಮಳೆಯಲ್ಲಿ ಓಡಿ ಎರಡನೆಯವನಾದನು. ಮರುವರ್ಷ ಅದೇ ಓಟದಲ್ಲಿ ಫೆರಾರಿ ಕಾರಿನ ಎಂಜಿನ್ ಮುಚ್ಚಳ ಹಾರಿಹೋದರೂ ಲೆಕ್ಕಿಸದೆ ಎಲ್ಲರಿಗಿಂತ ಬಹಳ ಮುಂದಿದ್ದನು. ಕೊನೆಗೆ ಕಾರೇ ಮುರಿದು ನಿಂತಿತು. 1950ರಲ್ಲಿ ಸಿಸಿಲಿಯ ಪಲೆರ್ಮೊ ಬಳಿಯ ಬೆಟ್ಟವೇರುವ ಸ್ಪರ್ಧೆಯೇ ಅವನ ಕೊನೆಯ ಪಂದ್ಯ. ಅಲ್ಲಿಯೂ ತನ್ನ ವರ್ಗದಲ್ಲಿ ಅವನೇ ಮೊದಲಿಗ.

1953ರ ಆಗಸ್ಟ್ 11ರಂದು ನುವೊಲಾರಿ ಮಾಂಟುವಾದ ತನ್ನ ಮನೆಯಲ್ಲಿ ಕೊನೆಯುಸಿರೆಳೆದನು. ಅಂತ್ಯಯಾತ್ರೆಗೆ ಹತ್ತಾರು ಸಾವಿರ ಜನ ಸೇರಿದರು. ಶವಪೆಟ್ಟಿಗೆಯನ್ನು ಕಾರಿನ ಚೌಕಟ್ಟಿನ ಮೇಲಿರಿಸಿ ಮೆರವಣಿಗೆ ಮಾಡಿದರು. ಅದನ್ನು ತಳ್ಳಿದವರಲ್ಲಿ ಅಂದಿನ ಮಹಾಚಾಲಕರಾದ ಫಾಂಜಿಯೊ, ವಿಲ್ಲೊರೇಸಿ ಮತ್ತು ಆಲ್ಬರ್ಟೊ ಅಸ್ಕಾರಿ ಇದ್ದರು. 1925ರಲ್ಲಿ ಯಾರ ಸಾವಿನಿಂದ ತೆರವಾದ ಸ್ಥಾನಕ್ಕಾಗಿ ನುವೊಲಾರಿಯು ಮೊಂಜಾದಲ್ಲಿ ಪರೀಕ್ಷೆಗೆ ನಿಂತಿದ್ದನೋ ಆ ಆಂತೋನಿಯೊ ಅಸ್ಕಾರಿಯ ಮಗನೇ ಈ ಆಲ್ಬರ್ಟೊ. ನುವೊಲಾರಿಯನ್ನು ಅವನ ಸ್ಪರ್ಧೆಯ ಉಡುಪಿನಲ್ಲಿಯೇ ಸಮಾಧಿ ಮಾಡಲಾಯಿತು. ಅವನ ಟ್ರೋಫಿಗಳನ್ನೂ ನೆನಪಿನ ವಸ್ತುಗಳನ್ನೂ ಮಾಂಟುವಾದ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಿದ್ದಾರೆ.

ವೇಗವೊಂದೇ ಹಿರಿಮೆಯಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಹುಚ್ಚು ತನಗೂ ಪರರಿಗೂ ಕೇಡನ್ನೇ ತರುತ್ತದೆ. ನುವೊಲಾರಿಯ ಹಿರಿಮೆಯಿರುವುದು ಅವನು ಕಷ್ಟಗಳನ್ನು ಎದುರಿಸಿದ ರೀತಿಯಲ್ಲಿ. ಅವನಿಗೆ ಎಳೆಯ ವಯಸ್ಸಿನ ಆರಂಭ ದೊರೆಯಲಿಲ್ಲ. ದೇಹ ಮತ್ತೆ ಮತ್ತೆ ಮುರಿಯಿತು. ಯಂತ್ರಗಳು ಕೈಕೊಟ್ಟುವು. ವಿಧಿಯು ಇಬ್ಬರು ಮಕ್ಕಳನ್ನೂ ಕಸಿದುಕೊಂಡಿತು. ಎಲ್ಲವೂ ಸರಿಯಾಗಲೆಂದು ಅವನು ಕಾದು ಕುಳಿತಿದ್ದರೆ ಒಂದು ಪಂದ್ಯವನ್ನೂ ಓಡುತ್ತಿರಲಿಲ್ಲವೇನೋ. ಇದ್ದುದನ್ನು ಅರಿತು, ಅದನ್ನೇ ಅಣಿಗೊಳಿಸಿಕೊಂಡು ಅವನು ಮುನ್ನಡೆದನು. ವೇಗದ ದಾಖಲೆಗಳನ್ನು ಮುಂದಿನವರು ಮುರಿಯುತ್ತಲೇ ಇರುತ್ತಾರೆ. ಅಂತಹ ಮನೋಬಲವನ್ನು ಮಾತ್ರ ಕಾಲ ಹಿಂದಿಕ್ಕಲಾರದು.